ಡ್ಯೂಟಿ ಮುಗಿಸಿ ಕ್ಲಾಸಿಗೆ, ಕ್ಲಾಸು ಮುಗಿಸಿ ಡ್ಯೂಟಿಗೆ... ನಿದ್ದೆ ಯಾವಾಗ?

ನರ್ಸಿಂಗ್ ಕಲಿತವರಿಗೆ ನಮ್ಮ ಹಾರೂಗೇರಿಯಿಂದ ಎರಡು ದಾರಿ. ಒಂದು ಕುಡಚಿ ಹತ್ತಿರ ಕೃಷ್ಣೆ ದಾಟಿ, ಉಗಾರ, ಶೇಡಬಾಳ ಮೇಲಿಂದ ಮಿರಜಕ್ಕೆ. ಇನ್ನೊಂದು ಬೆಳಗಾವಿಗೆ. ಎರಡೂ ಕಡೆ ದೊಡ್ಡ ಆಸ್ಪತ್ರೆಗಳಿವೆ, ಎರಡೂ ಕಡೆ ಕೆಲಸ ಇದೆ. ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯ ಊರುಗಳಲ್ಲಿ ಓಣಿಗೊಂದಾದರೂ ಇಂಥ ಮನೆ ಸಿಗುತ್ತೆ: ‘ನಮ್ಮ ಹುಡುಗಿ ಮಿರಜದಾಗ ಸಿಸ್ಟರ್ ಅದಾಳ’, ‘ನಮ್ಮ ಹುಡುಗ ಬೆಳಗಾವ್ಯಾಗ ಬ್ರದರ್ ಅದಾನ’.

ಇವರಲ್ಲಿ ಬಹಳ ಮಂದಿ ಓದಿದ್ದು ಜಿ.ಎನ್.ಎಂ. ಪಿ.ಯು.ಸಿ. ಆದಮೇಲೆ ಮೂರು ವರ್ಷದ ಡಿಪ್ಲೊಮಾ. ಇಪ್ಪತ್ತೊಂದು, ಇಪ್ಪತ್ತೆರಡಕ್ಕೆಲ್ಲ ಕೈಗೆ ಸಂಬಳ ಬರುತ್ತೆ. ತಂಗಿಯ ಫೀಸು, ಅಪ್ಪನ ಸೊಸೈಟಿ ಸಾಲ, ಮನೆಗೊಂದು ಫ್ರಿಡ್ಜು, ಹೀಗೆ ನಾಲ್ಕೈದು ವರ್ಷ ಓಡುತ್ತೆ. ಆಮೇಲೆ ಒಂದು ದಿನ ತನಗಿಂತ ಮೂರು ವರ್ಷ ಚಿಕ್ಕವಳು ಬಿ.ಎಸ್ಸಿ. ಮಾಡಿಕೊಂಡು ಬಂದು ಅದೇ ವಾರ್ಡಿನ ಇನ್‌ಚಾರ್ಜ್ ಆಗುತ್ತಾಳೆ. ಮುಂದೆ ಓದಬೇಕು ಅಂತ ಅನಿಸೋದು ಆಗ.

ಓದಲು ಕೋರ್ಸುಗಳು ಇಲ್ಲವೆಂದಲ್ಲ. ಜಿ.ಎನ್.ಎಂ. ಆದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಅದಾದಮೇಲೆ ಎರಡು ವರ್ಷದ ಎಂ.ಎಸ್ಸಿ.: ಮೆಡಿಕಲ್ ಸರ್ಜಿಕಲ್, ಮಕ್ಕಳ ಆರೋಗ್ಯ, ಹೆರಿಗೆ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ ಅಂತ ಐದು ವಿಭಾಗ. ಕ್ರಿಟಿಕಲ್ ಕೇರ್, ಕ್ಯಾನ್ಸರ್‌ನಂಥ ವಿಷಯಗಳಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳೂ ಇವೆ. ಕೋರ್ಸು ಹುಡುಕೋದು ಅರ್ಧ ತಾಸಿನ ಕೆಲಸ. ಸಂಬಳ ಬಿಡದೆ ಅದನ್ನು ಓದಿ ಮುಗಿಸೋದು ಹೇಗೆ ಅನ್ನೋದೇ ತೊಡಕು.

‘ಕೆಲಸ ಐತೆಲ್ಲ, ಡಿಗ್ರಿ ಯಾಕ?’ ಅಂತ ಮನೆಯಲ್ಲಿ ಕೇಳ್ತಾರೆ. ಸರಿಯಾದ ಪ್ರಶ್ನೆಯೇ. ಏಮ್ಸ್‌ನ ನರ್ಸಿಂಗ್ ಆಫೀಸರ್ ಹುದ್ದೆಗಳಿಗೆ ನಡೆಯುವ ನಾರ್ಸೆಟ್ ಪರೀಕ್ಷೆಯನ್ನೇ ತಗೊಳ್ಳಿ. ಬಿ.ಎಸ್ಸಿ. ಆದವರು ನೇರ ಅರ್ಜಿ ಹಾಕಬಹುದು. ಜಿ.ಎನ್.ಎಂ. ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಇಪ್ಪತ್ತು, ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ಹಗಲು ರಾತ್ರಿ ದುಡಿದ ಅನುಭವ ಅಲ್ಲಿ ಲೆಕ್ಕಕ್ಕೇ ಬರಲ್ಲ. ನರ್ಸಿಂಗ್ ಕಾಲೇಜಲ್ಲಿ ಪಾಠ ಹೇಳಬೇಕಂದ್ರೂ ಡಿಗ್ರಿ ಬೇಕು.

ಹುದ್ದೆಯ ಮಾತು ಬಿಡಿ, ರೋಗಿಗೂ ಇದರಿಂದ ವ್ಯತ್ಯಾಸ ಆಗುತ್ತೆ. 2014ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲಿಂಡಾ ಐಕನ್ ಮತ್ತು ತಂಡದವರ ಅಧ್ಯಯನ ಬಂತು. ಯುರೋಪಿನ ಒಂಬತ್ತು ದೇಶ, 300 ಆಸ್ಪತ್ರೆ, ನಾಲ್ಕು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ರೋಗಿಗಳ ದಾಖಲೆ ನೋಡಿದ್ದರು. ಆಸ್ಪತ್ರೆಯಲ್ಲಿ ಡಿಗ್ರಿ ಇರುವ ನರ್ಸ್‌ಗಳ ಪಾಲು ಶೇ. 10ರಷ್ಟು ಹೆಚ್ಚಿದ್ದ ಕಡೆ, ದಾಖಲಾದ 30 ದಿನದೊಳಗೆ ರೋಗಿ ಸಾಯುವ ಸಾಧ್ಯತೆ ಶೇ. 7ರಷ್ಟು ಕಡಿಮೆ ಇತ್ತು. ಅದೇ ಅಧ್ಯಯನದ ಇನ್ನೊಂದು ಲೆಕ್ಕ: ಒಬ್ಬ ನರ್ಸ್ ಮೇಲೆ ಒಬ್ಬ ರೋಗಿ ಹೆಚ್ಚಾದರೆ ಆ ಸಾಧ್ಯತೆ ಶೇ. 7ರಷ್ಟು ಏರುತ್ತೆ. ಓದಿದ ನರ್ಸ್ ಬೇಕು, ಆಕೆಯ ಮೇಲೆ ಹೊರೆ ಕಡಿಮೆಯೂ ಇರಬೇಕು. ದುಡಿಯುತ್ತ ಓದುವವಳಿಗೆ ಈ ಎರಡರಲ್ಲಿ ಮೊದಲನೆಯದು ಸಿಗೋ ಹೊತ್ತಿಗೆ ಎರಡನೆಯದು ತಪ್ಪಿರುತ್ತೆ.

ಎಕ್ಸೆಲ್ ಹೇಳಿದ್ದು, ಮೈ ಹೇಳಿದ್ದು

ನಾನು ನರ್ಸ್ ಅಲ್ಲ. ಬೆಂಗಳೂರಲ್ಲಿ ಕೋಡ್ ಬರೆಯುವವನು. ಈ ವಿಷಯದ ಬೆನ್ನು ಹತ್ತಿದ್ದು ನನ್ನ ಕಾಕಾನ ಮಗಳಿಂದ. ಆಕೆ ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯ ಐ.ಸಿ.ಯು.ನಲ್ಲಿ ಆರು ವರ್ಷದಿಂದ ಇದ್ದಾಳೆ. ಪೋಸ್ಟ್ ಬೇಸಿಕ್ ಸೇರಬೇಕು, ಕೆಲಸ ಬಿಡುವ ಹಾಗಿಲ್ಲ. ‘ತಮ್ಮಾ, ನೀ ಕಂಪ್ಯೂಟರಿನಾಂವ. ಡ್ಯೂಟಿ, ಕ್ಲಾಸು ಎರಡೂ ಕೂಡಿಸಿ ಒಂದ್ ಟೈಮ್‌ಟೇಬಲ್ ಮಾಡಿಕೊಡು’ ಅಂದಳು.

ಮಾಡಿದೆ. ವಾರಕ್ಕೆ 168 ತಾಸು. ಆರು ದಿನದ ಡ್ಯೂಟಿ 48 ತಾಸು. ನರ್ಸಿಂಗ್ ಕೋರ್ಸಿನ ಪಾಠ ಮತ್ತು ಪ್ರಾಕ್ಟಿಕಲ್ ಸೇರಿ ವಾರಕ್ಕೆ ಸುಮಾರು 40. ಉಳಿದಿದ್ದು 80. ದಿನಕ್ಕೆ ಏಳು ತಾಸು ನಿದ್ದೆ ಅಂತ 49 ತೆಗೆದರೂ ಇನ್ನೂ 31 ತಾಸು ಮಿಕ್ಕಿತು. ದಿನಕ್ಕೆ ನಾಲ್ಕೂವರೆ ತಾಸಿಗೆ ಸ್ವಲ್ಪ ಕಮ್ಮಿ. ಸ್ನಾನ, ಅಡುಗೆ, ಬಸ್ಸು, ಬಟ್ಟೆ, ಮಗಳ ಹೋಮ್‌ವರ್ಕು, ತನ್ನ ಅಸೈನ್‌ಮೆಂಟು ಎಲ್ಲ ಅದರೊಳಗೆ. ಕಷ್ಟ, ಆದರೆ ಹಾಳೆಯ ಮೇಲೆ ಎಲ್ಲ ಕಾಲಂ ಹಸಿರಾಗೇ ಇತ್ತು.

ಅಕ್ಕ ಅದನ್ನು ನೋಡಿ ನಕ್ಕಳು. ‘ಇದರಾಗ ನೈಟ್ ಎಲ್ಲೈತೋ?’

ಅಲ್ಲಿಗೆ ನನ್ನ ಹಾಳೆಯ ಕಥೆ ಮುಗಿಯಿತು. ಅವಳ ಆಸ್ಪತ್ರೆಯಲ್ಲಿ ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8, ಹೀಗೆ ಮೂರು ಪಾಳಿ. ಡ್ಯೂಟಿ ಲಿಸ್ಟ್ ವಾರಕ್ಕೊಮ್ಮೆ ಬದಲಾಗುತ್ತೆ. ಬೆಳಗಿನ ಪಾಳಿ ಬಿದ್ದ ವಾರ ಬೆಳಗಿನ ಕ್ಲಾಸು ಹೋಯಿತು. ಮಧ್ಯಾಹ್ನದ ಪಾಳಿ ಬಿದ್ದರೆ ಪ್ರಾಕ್ಟಿಕಲ್ ಹೋಯಿತು. ಕ್ಲಾಸಿಗೆ ಪೂರ್ತಿ ಹೊಂದುವುದು ರಾತ್ರಿ ಪಾಳಿ ಒಂದೇ. ಅದಕ್ಕೇ ಓದುವ ನರ್ಸ್‌ಗಳು ತಾವಾಗೇ ನೈಟ್ ಕೇಳಿ ಪಡೀತಾರೆ. ಇನ್‌ಚಾರ್ಜ್‌ಗೂ ಖುಷಿ, ಯಾರೂ ಬೇಡವೆನ್ನುವ ಪಾಳಿಗೆ ಆಳು ಸಿಕ್ಕಂತಾಯಿತು.

ಈಗ ಆ ಒಂದು ರಾತ್ರಿಯನ್ನು ಲೆಕ್ಕ ಹಾಕಿ. ಸಂಜೆ 5ಕ್ಕೆ ಎದ್ದು, 8ಕ್ಕೆ ಡ್ಯೂಟಿಗೆ ನಿಂತಳು. ನವೆಂಬರ್‌ನಲ್ಲಿ ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತು: ಹಿಂದೆ ದೀಪ ಇರದ ಟ್ರಾಲಿ, ಅದಕ್ಕೆ ಗುದ್ದಿದ ಬೈಕು. ನಡುರಾತ್ರಿ ಕೇಸು ಬರುತ್ತಲೇ ಇರುತ್ತವೆ. ಬೆಳಗ್ಗೆ 8ಕ್ಕೆ ಮುಂದಿನವರಿಗೆ ಓವರ್ ಕೊಟ್ಟು ಮುಗಿಯೋದು ಎಂಟೂವರೆ. 9ಕ್ಕೆ ಕ್ಲಾಸು. 10 ಗಂಟೆಯ ಪಾಠಕ್ಕೆ ಬರೋ ಹೊತ್ತಿಗೆ ಆಕೆ ಎದ್ದು 17 ತಾಸು ಆಗಿರುತ್ತೆ.

17 ತಾಸು ಅನ್ನೋದಕ್ಕೆ ಒಂದು ಅರ್ಥ ಇದೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 17 ತಾಸು ನಿದ್ದೆಗೆಟ್ಟವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿದಿತ್ತು. 24 ತಾಸಿಗೆ ಅದು ಶೇ. 0.10ರ ಹತ್ತಿರ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ಓಡಿಸುವವರಿಗೆ ಮಿತಿ ಶೇ. 0.03. ಸಂಜೆ ನಾಲ್ಕೂವರೆಗೆ ಕ್ಲಾಸು ಬಿಟ್ಟು ಸ್ಕೂಟಿ ಹತ್ತುವ ಸಿಸ್ಟರ್‌ಗೆ ನಾಕಾಬಂದಿಯಲ್ಲಿ ಊದಿಸಿದರೆ ಸೊನ್ನೆ ಬರುತ್ತೆ, ಆದರೆ ಆಕೆಯ ಕೈ ಮಾತ್ರ ಆ ಮಿತಿ ಮೀರಿ ಎಷ್ಟೋ ಹೊತ್ತಾಗಿರುತ್ತೆ. ಮನೆಗೆ ಹೋಗಿ ಎರಡು ತಾಸು ಮಲಗಿ ಎದ್ದರೆ ಮತ್ತೆ 8ಕ್ಕೆ ಡ್ಯೂಟಿ. ಅದೇ ಕೈ ಇನ್ಫ್ಯೂಷನ್ ಪಂಪಿಗೆ ಡೋಸ್ ಒತ್ತಬೇಕು. ದಶಮಾಂಶ ಬಿಂದು ಒಂದು ಮನೆ ಆಚೆ ಬಿದ್ದರೆ ಔಷಧಿ ಹತ್ತು ಪಟ್ಟು. ನನ್ನ ಕೆಲಸದಲ್ಲಿ ಇಂಥ ತಪ್ಪಾದರೆ ರೋಲ್‌ಬ್ಯಾಕ್ ಮಾಡ್ತೀವಿ.

ದೀರ್ಘಕಾಲದ ಮಾತು ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐ.ಎ.ಆರ್.ಸಿ. ರಾತ್ರಿ ಪಾಳಿಯ ಕೆಲಸವನ್ನು ‘ಕ್ಯಾನ್ಸರ್ ತರುವ ಸಂಭವವಿರುವ’ ಅಂಶಗಳ ಪಟ್ಟಿಗೆ 2007ರಲ್ಲಿ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಯಾರನ್ನೂ ಹೆದರಿಸಲು ಇದನ್ನು ಹೇಳ್ತಿಲ್ಲ. ‘ಎರಡು ವರ್ಷ ನೈಟ್ ಮಾಡಿದರ ಏನಾಕ್ಕೈತಿ, ವಯಸ್ಸೈತಿ’ ಅನ್ನುವವರು ಆ ಎರಡಕ್ಕೆ ಹಿಂದಿನ ಆರನ್ನೂ ಮುಂದಿನ ಹತ್ತನ್ನೂ ಕೂಡಿಸಿಕೊಳ್ಳಲಿ ಅಂತ.

‘ನೀವ್ ಬರೋದೇ ಬ್ಯಾಡ್ರಿ’

ನಿಯಮ ಏನು ಹೇಳುತ್ತೆ? ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಪರೀಕ್ಷೆಗೆ ಕೂರಲು ಪಾಠದಲ್ಲೂ ಪ್ರಾಕ್ಟಿಕಲ್‌ನಲ್ಲೂ ಶೇ. 80 ಹಾಜರಿ ಬೇಕು. ಡಿಗ್ರಿ ಕೈಗೆ ಬರುವ ಮುಂಚೆ ಪ್ರಾಕ್ಟಿಕಲ್ ಶೇ. 100 ಮುಗಿದಿರಬೇಕು. ಎಂ.ಎಸ್ಸಿ.ಯಲ್ಲಿ ವರ್ಷಕ್ಕೆ 39 ವಾರ, ವಾರಕ್ಕೆ 40 ತಾಸಿನಂತೆ 1,560 ತಾಸು. ಎರಡು ವರ್ಷಕ್ಕೆ 3,120. ಪ್ರಬಂಧದ ಓಡಾಟದಲ್ಲಿ ರಾತ್ರಿ ಕೂತು ಬರೆಯೋದು ಇದರ ಮೇಲೆ. ಕಾಲೇಜಿನ ರೆಗ್ಯುಲರ್ ಕೋರ್ಸಿನಲ್ಲಿ ಅರೆಕಾಲಿಕ ಓದು ಅನ್ನೋ ಖಾನೆಯೇ ಇಲ್ಲ.

ಆದರೂ ‘ಡ್ಯೂಟಿ ಮಾಡ್ಕೋತ ಡಿಗ್ರಿ ಮುಗಿಸಿದೆ’ ಅನ್ನುವವರು ಸಿಗ್ತಾರಲ್ಲ, ಹೇಗೆ? ಅಕ್ಕನಿಗೆ ಬಂದ ಒಂದು ಫೋನ್ ಕರೆಯೇ ಉತ್ತರ. ಯಾವುದೋ ಕಾಲೇಜಿನ ಏಜೆಂಟ್. ‘ಸಿಸ್ಟರ್, ನೀವ್ ಬರೋದೇ ಬ್ಯಾಡ್ರಿ. ಪರೀಕ್ಷಾಕ್ಕ ಬಂದ್ರ ಸಾಕು. ಅಟೆಂಡೆನ್ಸ್ ನಾವ್ ನೋಡ್ಕೋತೀವಿ.’ ಫೀಸು ಮೂರು ಕಂತಿನಲ್ಲಿ ಕೊಡಬಹುದಂತೆ.

ಈ ದಾರಿ ಹಿಡಿದವರನ್ನು ಸೋಮಾರಿಗಳು ಅಂತ ನಾನು ಅನ್ನಲ್ಲ. ವಾರಕ್ಕೆ 48 ತಾಸು ನಿಂತು ದುಡಿಯುವವರು ಸೋಮಾರಿ ಹೇಗಾದಾರು? ನೇರ ಬಾಗಿಲು ಮುಚ್ಚಿದ್ದಕ್ಕೆ ಕಿಟಕಿಯಿಂದ ಇಳಿದವರು. ಆದರೆ ಆ ಕಿಟಕಿಯಾಚೆ ಏನಿದೆ ಅನ್ನೋದನ್ನು ಏಜೆಂಟ್ ಹೇಳೋದಿಲ್ಲ. ಒಂದು, ಕೋರ್ಸಿನ ತಾರೀಖು ಮತ್ತು ಕೆಲಸದ ಅನುಭವ ಪತ್ರದ ತಾರೀಖು ಒಂದರ ಮೇಲೊಂದು ಬರುತ್ತವೆ. ಎರಡು ವರ್ಷ ಹಗಲು ಪೂರ್ತಿ ಕಾಲೇಜಲ್ಲಿದ್ದೆ ಅಂತ ಒಂದು ಕಾಗದ, ಅದೇ ಎರಡು ವರ್ಷ ಇನ್ನೊಂದೂರಿನ ಆಸ್ಪತ್ರೆಯಲ್ಲಿದ್ದೆ ಅಂತ ಇನ್ನೊಂದು. ಸರ್ಕಾರಿ ನೇಮಕಾತಿಯಲ್ಲೋ ವಿದೇಶದ ಕೌನ್ಸಿಲ್‌ನಲ್ಲೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ದಿನ ಯಾವುದಾದರೊಂದು ಸುಳ್ಳು ಅಂತಾಗುತ್ತೆ. ಏಜೆಂಟ್ ಆಗ ಫೋನ್ ಎತ್ತಲ್ಲ.

ಎರಡನೆಯದು ಇನ್ನೂ ದೊಡ್ಡದು. ಟೆಸ್ಟ್ ಓಡಿಸದೇ ‘ಪಾಸ್’ ಅಂತ ಗುರುತು ಹಾಕಿದ ಕೋಡ್ ಯಾವತ್ತು ಕೈ ಕೊಡುತ್ತೋ ನಮಗೆ ಗೊತ್ತಿರಲ್ಲ. ಪ್ರಾಕ್ಟಿಕಲ್ ಮಾಡದ ಡಿಗ್ರಿಯೂ ಹಾಗೇ. ಐ.ಸಿ.ಯು.ನಲ್ಲಿ ಆರು ವರ್ಷ ಕಳೆದವಳಿಗೆ ವೆಂಟಿಲೇಟರ್ ನೀರು ಕುಡಿದಷ್ಟು ಸಲೀಸು ಇರಬಹುದು. ಆದರೆ ಅದೇ ಡಿಗ್ರಿಯ ಸಮುದಾಯ ಆರೋಗ್ಯದ, ಮಾನಸಿಕ ಆರೋಗ್ಯದ ತಾಸುಗಳನ್ನು ಅವಳು ಎಲ್ಲೂ ಕಳೆದಿರಲ್ಲ. ನಾಳೆ ಆ ಡಿಗ್ರಿಯ ಬಲದ ಮೇಲೆ ಕಾಲೇಜಿನ ಟ್ಯೂಟರ್ ಆಗಿ ಅದನ್ನೇ ಕಲಿಸಬೇಕಾಗಿ ಬಂದರೆ?

ಮಿರಜದ ಹಳೇ ಕಥೆ

ಕೆಲಸ ಬೇರೆ, ಕಲಿಕೆ ಬೇರೆ ಅನ್ನೋದು ಮೊದಲಿನಿಂದ ಹೀಗಿರಲಿಲ್ಲ. ನಮ್ಮ ಭಾಗದವರು ಇವತ್ತಿಗೂ ‘ಮಿಷನ್ ದವಾಖಾನಿ’ ಅನ್ನುವ ಮಿರಜದ ವಾನ್ಲೆಸ್ ಆಸ್ಪತ್ರೆಯನ್ನು ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಶುರು ಮಾಡಿದರು. ಮೂರೇ ವರ್ಷಕ್ಕೆ, 1897ರಲ್ಲಿ, ಅಲ್ಲೇ ನರ್ಸ್ ತರಬೇತಿ ಶಾಲೆ ಬಂತು. ಆ ಕಾಲದ ನರ್ಸಿಂಗ್ ಶಾಲೆ ಅಂದರೆ ವಾರ್ಡೇ ಶಾಲೆ. ಹಾಸಿಗೆ ಹಾಸೋದು, ಗಾಯ ತೊಳೆಯೋದು, ರಾತ್ರಿ ಕಾಯೋದು ಎಲ್ಲ ಕಲಿಕೆಯ ಭಾಗ. ದುಡಿಯುವವಳೂ ಕಲಿಯುವವಳೂ ಒಬ್ಬಳೇ.

ಅದರಲ್ಲೊಂದು ಕೊಕ್ಕೆ ಇತ್ತು. ವಿದ್ಯಾರ್ಥಿನಿಯರು ಸಿಕ್ಕರೆ ಆಸ್ಪತ್ರೆಗೆ ಅಗ್ಗದ ಆಳು ಸಿಕ್ಕಂತೆ. ಪಾಠ ಹಿಂದಾಗಿ ಪಾಳಿ ಮುಂದಾಗುತ್ತಿತ್ತು. ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ದೇಶದಲ್ಲಿ 43 ಸಾವಿರ ಜನಕ್ಕೆ ಒಬ್ಬ ನರ್ಸ್ ಇದ್ದ ಲೆಕ್ಕ. ಸಂಖ್ಯೆಯೂ ಹೆಚ್ಚಬೇಕು, ನರ್ಸಿಂಗ್ ವಿಶ್ವವಿದ್ಯಾಲಯದ ಓದೂ ಆಗಬೇಕು ಅನ್ನುವ ದಿಕ್ಕಿಗೆ ದೇಶ ಹೊರಳಿತು. ಅದೇ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಆರಂಭವಾಯಿತು. ವಿದ್ಯಾರ್ಥಿ ಅಂದರೆ ವಿದ್ಯಾರ್ಥಿ, ಆಳಲ್ಲ ಅನ್ನೋದು ಬರಬರುತ್ತ ಗಟ್ಟಿಯಾಯಿತು. ಹಾಜರಾತಿಯ ಕಟ್ಟುನಿಟ್ಟಿನ ಹಿಂದೆ ಈ ಕಾಳಜಿ ಇದೆ. ಅದನ್ನು ಹಗುರವಾಗಿ ತಗೊಳ್ಳೋದು ಬೇಡ.

ಆದರೆ ಹದಿನೇಳು ವರ್ಷದ ಹುಡುಗಿಯನ್ನು ಕಾಯಲು ಮಾಡಿದ ನಿಯಮ, ಇಪ್ಪತ್ತೆಂಟು ವರ್ಷದ, ನೋಂದಣಿ ಇರುವ, ಆರು ವರ್ಷ ಐ.ಸಿ.ಯು. ನಡೆಸಿದ ನರ್ಸ್‌ಗೂ ಹಾಗೇ ಅನ್ವಯ ಆಗಬೇಕಾ? ನನ್ನ ಟೀಮಿನಲ್ಲಿ ಇಬ್ಬರು ಬಿಟ್ಸ್ ಪಿಲಾನಿಯ ‘ವರ್ಕ್ ಇಂಟಿಗ್ರೇಟೆಡ್’ ಕಾರ್ಯಕ್ರಮದಲ್ಲಿ ಎಂ.ಟೆಕ್. ಮಾಡ್ತಿದ್ದಾರೆ. ಕ್ಲಾಸು ಶನಿವಾರ, ಭಾನುವಾರ, ಆನ್‌ಲೈನ್. ಪ್ರಾಜೆಕ್ಟು ಆಫೀಸಿನ ಕೆಲಸದ ಮೇಲೆಯೇ. ಇಬ್ಬರೂ ರಾತ್ರಿ ಮಲಗುತ್ತಾರೆ. ಮಷೀನ್ ಮುಂದೆ ಕೂರುವ ನಮಗೆ ಇಷ್ಟು ಸಲೀಸು ಮಾಡಿಕೊಟ್ಟ ವ್ಯವಸ್ಥೆ, ಮನುಷ್ಯರ ಮುಂದೆ ನಿಲ್ಲುವವರಿಗೆ ಯಾಕೆ ಮಾಡಿಲ್ಲ ಅನ್ನೋದು ನನ್ನ ತಕರಾರು. ವಾರ್ಡು ಆನ್‌ಲೈನ್ ಆಗಲ್ಲ, ಒಪ್ಪಿದೆ. ಥಿಯರಿ ಆಗಬಹುದಲ್ಲ?

ಹೊರಗಡೆ ಇದಕ್ಕೆ ಬೇರೆ ಬೇರೆ ಉತ್ತರ ಹುಡುಕಿಕೊಂಡಿದ್ದಾರೆ. ನ್ಯೂಯಾರ್ಕ್ ರಾಜ್ಯ 2017ರ ಕೊನೆಗೆ ಒಂದು ಕಾಯ್ದೆ ತಂದಿತು: ಹೊಸದಾಗಿ ನೋಂದಣಿ ಆಗುವ ನರ್ಸ್‌ಗಳು ಪದವಿ ಪಡೆಯಲೇಬೇಕು, ಆದರೆ ಅದಕ್ಕೆ ಹತ್ತು ವರ್ಷ ಸಮಯ. ಕೆಲಸದಲ್ಲಿದ್ದುಕೊಂಡೇ ಬಹುಪಾಲು ಆನ್‌ಲೈನಲ್ಲಿ ಮುಗಿಸುವ ಕೋರ್ಸುಗಳು ಅಲ್ಲಿ ಸಾಮಾನ್ಯ. ಇಂಗ್ಲೆಂಡಿನಲ್ಲಿ ಸಂಬಳ ಪಡೆಯುತ್ತಲೇ ನರ್ಸಿಂಗ್ ಪದವಿ ಓದುವ ಅಪ್ರೆಂಟಿಸ್ ಪದ್ಧತಿ ಇದೆ. ನಮ್ಮಲ್ಲೂ 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಪಾಸಾಗಿದೆ. ಹೊಸ ಆಯೋಗದ ಮುಂದಿಡಲು ಇದಕ್ಕಿಂತ ಒಳ್ಳೆಯ ಬೇಡಿಕೆ ನನಗಂತೂ ತೋಚಲ್ಲ.

ನೇರ ದಾರಿಗಳು ಯಾವುವು?

ಅಲ್ಲಿಯವರೆಗೆ ಕಾಯೋಕಾಗಲ್ಲ. ಈಗಿರುವ ನೇರ ದಾರಿಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇಗ್ನೊ. 1994ರಿಂದ ಅಲ್ಲಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಎರಡರ ಬದಲು ಮೂರು ವರ್ಷ. ಇದರ ಸ್ವಾರಸ್ಯ ಅಂದರೆ, ಬೇರೆ ಕಡೆ ಅಡ್ಡಿಯಾಗುವ ನೌಕರಿ ಇಲ್ಲಿ ಅರ್ಹತೆ! ಸೇವೆಯಲ್ಲಿರುವ ನರ್ಸ್‌ಗಳಿಗೆ ಮಾತ್ರ ಪ್ರವೇಶ. ಪಿ.ಯು.ಸಿ. ಮೇಲೆ ಜಿ.ಎನ್.ಎಂ. ಆದವರಿಗೆ ನೋಂದಣಿ ನಂತರ ಎರಡು ವರ್ಷದ ಅನುಭವ ಬೇಕು, ಎಸ್ಸೆಸ್ಸೆಲ್ಸಿ ಮೇಲೆ ಮಾಡಿದವರಿಗೆ ಐದು. ಪ್ರವೇಶ ಪರೀಕ್ಷೆ ಬರೆಯಬೇಕು. ಪುಸ್ತಕ ಓದಿ ಅಸೈನ್‌ಮೆಂಟ್ ಬರೆಯೋದು ಮನೆಯಲ್ಲಿ. ಪ್ರಾಕ್ಟಿಕಲ್‌ಗೆ ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಸೀಟು ಕಡಿಮೆ, ಕೇಂದ್ರ ನಿಮ್ಮೂರ ಹತ್ತಿರವೇ ಇರುತ್ತೆ ಅಂತಿಲ್ಲ. ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ, ಆ ದೇಶದವರು ದೂರಶಿಕ್ಷಣದ ಪದವಿಯನ್ನು ಒಪ್ಪುತ್ತಾರಾ ಅಂತ ಫೀಸು ಕಟ್ಟುವ ಮೊದಲೇ ವಿಚಾರಿಸಿ.

ಸರ್ಕಾರಿ ಆಸ್ಪತ್ರೆಯ ಕಾಯಂ ನೌಕರರ ಅದೃಷ್ಟ ಸ್ವಲ್ಪ ಚೆನ್ನಾಗಿದೆ. ಸೇವೆಯಲ್ಲಿದ್ದುಕೊಂಡೇ ಪೋಸ್ಟ್ ಬೇಸಿಕ್ ಅಥವಾ ಎಂ.ಎಸ್ಸಿ.ಗೆ ನಿಯೋಜನೆ ಮೇಲೆ ಹೋಗಲು ಅವಕಾಶ ಇದೆ. ಸೀಟಿಗಿಂತ ಅರ್ಜಿ ಜಾಸ್ತಿ. ಗುತ್ತಿಗೆಯ ಮೇಲೆ ಇರುವವರಿಗೆ ಈ ಬಾಗಿಲಿಲ್ಲ, ಅದೇ ಬೇಜಾರು.

ಬಿ.ಎಸ್ಸಿ. ಆಗಿರುವವರಿಗೆ ‘ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್’ ಅನ್ನುವ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ ಬಂದಿದೆ. ಒಂದು ವರ್ಷದ ಕ್ಲಿನಿಕಲ್ ಅನುಭವ ಬೇಕು. ಥಿಯರಿ ಶೇ. 20, ಉಳಿದ ಶೇ. 80 ಐ.ಸಿ.ಯು.ನಲ್ಲೇ. ಸೇವೆಯಲ್ಲಿರುವವರಿಗೆ ಸಂಬಳ ಮುಂದುವರಿಯಬೇಕು, ಉಳಿದವರಿಗೆ ಆ ಆಸ್ಪತ್ರೆಯ ಪದ್ಧತಿಯಂತೆ ಕೊಡಬೇಕು ಅಂತ ನಿಯಮಾವಳಿಯೇ ಹೇಳುತ್ತೆ. ದುಡಿಮೆಯನ್ನೇ ಓದು ಅಂತ ಲೆಕ್ಕ ಹಿಡಿದಿದ್ದಾರೆ. 1897ರ ಮಿರಜದ ವಾರ್ಡು ಸರಿಯಾದ ಲೆಕ್ಕಪತ್ರದ ಜೊತೆ ವಾಪಸ್ ಬಂದ ಹಾಗಿದೆ. ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಸಾಧ್ಯ ಅನ್ನೋದು ಇದರ ಮಿತಿ.

ಇನ್ನುಳಿದದ್ದು, ಕೆಲಸ ಬಿಟ್ಟು ಓದೋದು. ಇಲ್ಲಿ ದುಡ್ಡಿನ ಪ್ರಶ್ನೆ ಬರುತ್ತೆ. ಸುಪ್ರೀಂ ಕೋರ್ಟಿನ ಸೂಚನೆ ಮೇಲೆ ರಚನೆಯಾದ ತಜ್ಞರ ಸಮಿತಿ 2016ರಲ್ಲಿ ಖಾಸಗಿ ನರ್ಸ್‌ಗಳ ಸಂಬಳದ ಬಗ್ಗೆ ಶಿಫಾರಸು ಮಾಡಿತ್ತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ ಕನಿಷ್ಠ 20 ಸಾವಿರ. ಶಿಫಾರಸನ್ನು ಜಾರಿಗೆ ತರೋದು ರಾಜ್ಯಗಳ ಪಾಲಿಗೆ ಬಿತ್ತು. ಆ ಸಂಬಳ ನಿಜವಾಗಿ ಕೈಗೆ ಬರುತ್ತಿದ್ದರೆ ನಾಲ್ಕು ವರ್ಷ ದುಡಿದು ಉಳಿಸಿ ಎರಡು ವರ್ಷ ನೆಮ್ಮದಿಯಾಗಿ ಓದಬಹುದಿತ್ತು. ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ ಇರುವ ಯಾವ ಸಿಸ್ಟರ್‌ನ್ನಾದರೂ ಸಂಬಳ ಎಷ್ಟು ಅಂತ ಕೇಳಿ ನೋಡಿ, ಮಾತು ಬದಲಿಸ್ತಾರೆ.

ಕೆಲವು ಆಸ್ಪತ್ರೆಗಳು ಓದಿಸುತ್ತೇವೆ ಅಂತ ಬಾಂಡ್ ಬರೆಸಿಕೊಳ್ಳುತ್ತವೆ. ಕೆಟ್ಟದ್ದೇ ಅಂತಲ್ಲ. ಆದರೆ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ದುಡ್ಡು, ಓದುವಾಗ ವಾರಕ್ಕೆ ಎಷ್ಟು ನೈಟ್, ಈ ಮೂರೂ ಕಾಗದದ ಮೇಲೆ ಬರಬೇಕು. ಮೂಲ ಸರ್ಟಿಫಿಕೇಟ್‌ಗಳನ್ನು ಮಾತ್ರ ಯಾರ ಕೈಗೂ ಕೊಡಬೇಡಿ, ಝೆರಾಕ್ಸ್ ಸಾಕು. ಮತ್ತೊಂದು ನಮ್ಮ ಗಡಿಭಾಗದವರಿಗೇ ಅಂತ ಇರುವ ಮಾತು: ಮಿರಜ, ಸಾಂಗಲಿಗೆ ಕೆಲಸಕ್ಕೆ ಹೋಗುವವರು ಕರ್ನಾಟಕದ ನೋಂದಣಿ ಇದೆ ಅಂತ ಸುಮ್ಮನಿರುವಂತಿಲ್ಲ, ಮಹಾರಾಷ್ಟ್ರ ಕೌನ್ಸಿಲ್‌ನಲ್ಲೂ ನೋಂದಾಯಿಸಬೇಕು. ಮುಂದೆ ಓದಲು ಅನುಭವ ಪತ್ರ ಕೇಳಿದಾಗ ಈ ಕಾಗದ ಇಲ್ಲದೆ ಒದ್ದಾಡಿದವರಿದ್ದಾರೆ.

ಮನೆಯ ಡ್ಯೂಟಿ ಲಿಸ್ಟ್

ಗಂಡಸರು ಓದಿದರೆ ಮನೆಯವರು ಟಿವಿ ಸೌಂಡು ಕಡಿಮೆ ಮಾಡ್ತಾರೆ. ನರ್ಸ್ ಸೊಸೆ ಓದಿದರೆ ‘ಈ ವಯಸ್ಸಿನಾಗ ಏನ್ ಕಲ್ಯಾಣಿ?’ ಅಂತಾರೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ನರ್ಸ್ ಅಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ‘ನೈಟ್ ಡ್ಯೂಟಿ ಇರತೈತೇನು?’ ಸಂಬಳ ಬೇಕು, ನೈಟ್ ಬೇಡ. ಕೊರೊನಾ ಕಾಲದಲ್ಲಿ ಇದೇ ಮನೆಗಳ ಮುಂದೆ ನಿಂತು ಚಪ್ಪಾಳೆ ತಟ್ಟಿದವರು ಇವರೇ. ಇರಲಿ.

ಅಕ್ಕನ ಮನೆಯಲ್ಲಿ ಕೂತು ನಾನು ನೋಡಿದ್ದು ಇಷ್ಟು. ನೈಟ್ ಮುಗಿಸಿ ಬಂದವಳು ಹತ್ತಕ್ಕೆ ಮಲಗುತ್ತಾಳೆ. ಹತ್ತೂವರೆಗೆ ಗ್ಯಾಸಿನವನು. ಹನ್ನೊಂದಕ್ಕೆ ಅತ್ತೆಯ ಫೋನು, ‘ಮಲ್ಕೊಂಡಿದ್ದೇನು?’ ಅಂತ ಕೇಳಲಿಕ್ಕೇ ಮಾಡಿದ್ದು. ಹನ್ನೆರಡೂವರೆಗೆ ಮಗಳು ಅಂಗನವಾಡಿಯಿಂದ. ರಾತ್ರಿ ಮಲಗಿದವರನ್ನು ಯಾರೂ ಎಬ್ಬಿಸಲ್ಲ, ಹಗಲು ಮಲಗಿದವರನ್ನು ಎಲ್ಲರೂ ಎಬ್ಬಿಸಬಹುದು ಅನ್ನೋದು ನಮ್ಮ ಮನೆಗಳ ಅಲಿಖಿತ ನಿಯಮ. ಭಾವ ಮಾಡಿದ ಕೆಲಸ ಸಣ್ಣದು: ಬಾಗಿಲಿಗೊಂದು ಚೀಟಿ ಅಂಟಿಸಿದರು, ಅವಳ ಫೋನು ತಾವು ಇಟ್ಟುಕೊಂಡರು, ಮಧ್ಯಾಹ್ನದ ರೊಟ್ಟಿ ಪಕ್ಕದ ಖಾನಾವಳಿಯಿಂದ ತರಿಸಿದರು. ಎರಡು ತಾಸಿನ ನಿದ್ದೆ ಐದಾಯಿತು. ನನ್ನ ಎಕ್ಸೆಲ್‌ಗಿಂತ ಆ ಚೀಟಿ ಹೆಚ್ಚು ಕೆಲಸ ಮಾಡಿತು ಅಂತ ಒಪ್ಪಲೇಬೇಕು.

ಆಸ್ಪತ್ರೆಯವರೂ ಖರ್ಚಿಲ್ಲದೆ ಮಾಡಬಹುದಾದದ್ದು ಇದೆ. ಪಾಳಿಯನ್ನು ವಾರಕ್ಕೊಮ್ಮೆ ತಿರುಗಿಸುವ ಬದಲು, ಓದುವವರಿಗೆ ತಿಂಗಳಿಡೀ ಒಂದೇ ಪಾಳಿ ಕೊಟ್ಟು ಡ್ಯೂಟಿ ಲಿಸ್ಟನ್ನು ಮೊದಲೇ ಹೇಳುವುದು. ಪ್ರಾಕ್ಟಿಕಲ್ ಇರುವ ದಿನಗಳ ಪಟ್ಟಿಯನ್ನು ವರ್ಷದ ಆರಂಭದಲ್ಲೇ ತಗೊಂಡು ಇಟ್ಟುಕೊಳ್ಳುವುದು. ನೈಟ್ ಮುಗಿದ ಮರುದಿನ ಕಡ್ಡಾಯ ರಜೆ ಕೊಡುವುದು. ಹಾರೂಗೇರಿ, ರಾಯಬಾಗದ ಮೂವತ್ತು ಹಾಸಿಗೆಯ ಆಸ್ಪತ್ರೆ ನಡೆಸುವ ಡಾಕ್ಟರುಗಳೇ, ‘ಸಿಸ್ಟರ್‌ಗಳು ನಿಲ್ಲೋದೇ ಇಲ್ಲ, ಬೆಳಗಾವಿಗೆ ಓಡ್ತಾರೆ’ ಅಂತ ನೀವು ಹೇಳ್ತಿರ್ತೀರಿ. ಓದಲು ಬಿಟ್ಟರೆ ಮೂರು ವರ್ಷವಾದರೂ ನಿಲ್ಲುತ್ತಾರೆ, ಇಗ್ನೊ ಲೆಕ್ಕದಲ್ಲೇ.

ಅಕ್ಕ ಏಜೆಂಟ್‌ನ ನಂಬರ್ ಬ್ಲಾಕ್ ಮಾಡಿ ಇಗ್ನೊ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ. ಸೀಟು ಸಿಗುತ್ತೋ ಇಲ್ಲವೋ ಅನ್ನೋದರ ಮೊದಲೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ವ್ಯವಹಾರ ಕುದುರಿಸಿಕೊಂಡು ಬಂದಿದ್ದಾಳೆ: ‘ದೀಪಾವಳಿ ಮೂರೂ ನೈಟ್ ನಾನಽ ಮಾಡ್ತೀನ್ರಿ ಸಿಸ್ಟರ್. ಪ್ರಾಕ್ಟಿಕಲ್ ದಿನ ಮಾತ್ರ ನನ್ನ ಹೆಸರು ಲಿಸ್ಟಿನಾಗ ಬರೀಬ್ಯಾಡ್ರಿ.’ ಅವರು ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಾರಂತೆ. ಪೆನ್ನಿನಲ್ಲಿ ಬರೆಸು ಅಂತ ಹೇಳಿದ್ದೇನೆ.